ಲಂಡನ್ನಿನ ಪೂರ್ವದ ಕೇರಿ: ಬಂದವರ ಬೀಡು, ದುಡಿದವರ ಗೂಡು

ಲಂಡನ್ನಿನ ಬ್ರಿಕ್ ಲೇನ್ ಎಂಬ ಇಕ್ಕಟ್ಟಾದ ಬೀದಿಯ ಮೂಲೆಯಲ್ಲಿ ಇಟ್ಟಿಗೆಯ ಹಳೆಯ ಕಟ್ಟಡವೊಂದಿದೆ. 1743ರಲ್ಲಿ ಅದನ್ನು ಕಟ್ಟಿಸಿದವರು ಫ್ರಾನ್ಸಿನಿಂದ ಓಡಿಬಂದವರ ಮಕ್ಕಳು, ಮೊಮ್ಮಕ್ಕಳು. ಆಗ ಅದು ಅವರ ಇಗರ್ಜಿ. 1809ರಲ್ಲಿ ಅದು ಯಹೂದಿಗಳನ್ನು ಕ್ರೈಸ್ತರನ್ನಾಗಿಸಲು ಹೊರಟ ಸಂಘವೊಂದರ ಕೈಸೇರಿತು. 1819ರಲ್ಲಿ ಮೆಥಡಿಸ್ಟ್ ಪಂಥದವರ ಪ್ರಾರ್ಥನಾ ಮಂದಿರವಾಯಿತು. 1898ರಲ್ಲಿ ಯಹೂದಿಗಳೇ ಅದನ್ನು ತಮ್ಮ ಪ್ರಾರ್ಥನಾಲಯವನ್ನಾಗಿ ಮಾಡಿಕೊಂಡರು. 1976ರಿಂದ ಅದು ಬಂಗಾಳಿ ಮುಸ್ಲಿಮರ ಮಸೀದಿ. ಮೊದಲ ಒಡೆಯರು ಗೋಡೆಯ ಮೇಲೆ ಕೂರಿಸಿದ ನೆರಳು ಗಡಿಯಾರ ಇಂದಿಗೂ ಅಲ್ಲೇ ಇದೆ. ‘ನಾವು ನೆರಳುಗಳು’ ಎಂಬ ಅರ್ಥದ ಲ್ಯಾಟಿನ್ ಮಾತನ್ನು ಅದರ ಮೇಲೆ ಬರೆಸಿದ್ದಾರೆ.

ಈ ಒಂದು ಕಟ್ಟಡದ ಕಥೆಯೇ ಲಂಡನ್ನಿನ ‘ಈಸ್ಟ್ ಎಂಡ್’ ಎಂಬ ಇಡೀ ಪೂರ್ವಭಾಗದ ಕಥೆ. ಸ್ಪಿಟಲ್‌ಫೀಲ್ಡ್ಸ್, ವೈಟ್‌ಚಾಪೆಲ್, ಬೆತ್ನಲ್ ಗ್ರೀನ್, ಷಾಡ್‌ವೆಲ್, ಬೋ ಮುಂತಾದ ಕೇರಿಗಳು ಸೇರಿದ ಈ ಪ್ರದೇಶ ಇಂದು ಟವರ್ ಹ್ಯಾಮ್ಲೆಟ್ಸ್ ಎಂಬ ಆಡಳಿತ ವಿಭಾಗದಲ್ಲಿದೆ. ಮುನ್ನೂರು ವರ್ಷಗಳಿಂದ ಇಲ್ಲಿಗೆ ಒಂದರ ಹಿಂದೆ ಒಂದರಂತೆ ಬಡ ಜನಾಂಗಗಳು ಬಂದವು, ದುಡಿದವು, ಮಕ್ಕಳನ್ನು ಓದಿಸಿದವು, ಬೇರೆಡೆಗೆ ಹೋದವು. ಬಂದ ಪ್ರತಿಯೊಬ್ಬರ ಮೇಲೂ ಊರಿನವರು ಅದೇ ದೂರು ಹೇಳಿದರು: ಕೊಳಕರು, ಕಡಿಮೆ ಕೂಲಿಗೆ ದುಡಿದು ನಮ್ಮ ಅನ್ನಕ್ಕೆ ಕಲ್ಲು ಹಾಕುವವರು, ಎಂದಿಗೂ ನಮ್ಮವರಾಗದವರು. ಬಡತನ ಈ ಜನರ ಗುಣದಲ್ಲಿತ್ತೇ ಅಥವಾ ಅವರಿಗೆ ಸಿಕ್ಕ ಕೆಲಸ, ನೀರು, ವಸತಿಯಲ್ಲಿತ್ತೇ? ಈ ಕೇರಿಯ ಇತಿಹಾಸ ಆ ಪ್ರಶ್ನೆಗೆ ಸಾಕಷ್ಟು ಸ್ಪಷ್ಟವಾದ ಉತ್ತರ ಕೊಡುತ್ತದೆ.

ಪೂರ್ವಕ್ಕೇ ಬಡವರು ಏಕೆ?

ಇದರಲ್ಲಿ ಭೂಗೋಳದ ಪಾಲೂ ಇದೆ. ಲಂಡನ್ನಿನಲ್ಲಿ ವರ್ಷದ ಬಹುಭಾಗ ಗಾಳಿ ಪಶ್ಚಿಮ ಮತ್ತು ನೈಋತ್ಯದಿಂದ ಬೀಸುತ್ತದೆ. ಹೀಗಾಗಿ ಊರಿನ ಒಲೆಗಳ ಹೊಗೆ, ದುರ್ವಾಸನೆ ಎಲ್ಲ ಪೂರ್ವಕ್ಕೆ ಸಾಗುತ್ತಿತ್ತು. ಥೇಮ್ಸ್ ನದಿಯೂ ಪೂರ್ವಕ್ಕೇ ಹರಿದು ಸಮುದ್ರ ಸೇರುತ್ತದೆ. ಆದ್ದರಿಂದ ಹಡಗುಕಟ್ಟೆಗಳು, ಉಗ್ರಾಣಗಳು ಆ ಕಡೆ ಬೆಳೆದವು. ಉಳ್ಳವರು ಗಾಳಿ ಚೊಕ್ಕವಾಗಿದ್ದ ಪಶ್ಚಿಮಕ್ಕೆ ಮನೆ ಮಾಡಿದರು.

ಇನ್ನೊಂದು ಕಾರಣವೂ ಇತ್ತು. ಹಳೆಯ ಲಂಡನ್ ಕೋಟೆಗೋಡೆಯೊಳಗಿನ ಊರು. ಅಲ್ಲಿ ಕಸುಬು ಮಾಡಬೇಕಾದರೆ ಆಯಾ ಕಸುಬಿನ ಸಂಘದ ಅನುಮತಿ ಬೇಕಿತ್ತು. ಗೋಡೆಯ ಹೊರಗೆ ಆ ಬಿಗಿ ಅಷ್ಟಿರಲಿಲ್ಲ. ಪೂರ್ವದ ಬಾಗಿಲಾಚೆ ಇಟ್ಟಿಗೆ ಸುಡುವವರು, ಮದ್ಯ ತಯಾರಿಸುವವರು, ಪರದೇಶಿಗಳು ನೆಲೆ ನಿಂತರು. ಬ್ರಿಕ್ ಲೇನ್ ಎಂದರೆ ಇಟ್ಟಿಗೆ ಓಣಿ. ಆ ಹೆಸರು ಬಂದದ್ದೇ ಇಟ್ಟಿಗೆ ಗೂಡುಗಳಿಂದ.

ಮಗ್ಗದ ಮನೆಯಲ್ಲಿ ಗಣಿತ

1685ರಲ್ಲಿ ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿ ತನ್ನ ರಾಜ್ಯದ ಪ್ರಾಟೆಸ್ಟೆಂಟರಿಗಿದ್ದ ಧಾರ್ಮಿಕ ಸ್ವಾತಂತ್ರ್ಯವನ್ನು ಕಿತ್ತುಕೊಂಡ. ಹ್ಯೂಗನಾಟ್ ಎಂದು ಕರೆಸಿಕೊಳ್ಳುತ್ತಿದ್ದ ಆ ಜನ ಗುಂಪುಗುಂಪಾಗಿ ದೇಶ ಬಿಟ್ಟರು. ಸುಮಾರು 50,000 ಮಂದಿ ಇಂಗ್ಲೆಂಡಿಗೆ ಬಂದರೆಂದು ಅಂದಾಜು. ‘ರೆಫ್ಯೂಜಿ’ ಎಂಬ ಪದವೂ ಇವರೊಂದಿಗೇ ಫ್ರೆಂಚಿನಿಂದ ಇಂಗ್ಲಿಷಿಗೆ ಬಂತು. ಇವರಲ್ಲಿ ರೇಷ್ಮೆ ನೇಕಾರರು ಸ್ಪಿಟಲ್‌ಫೀಲ್ಡ್ಸ್ ಸೇರಿದರು. ಅವರ ಮನೆಗಳ ಅಟ್ಟದಲ್ಲಿ ಅಗಲವಾದ ಕಿಟಕಿಗಳಿರುತ್ತಿದ್ದವು. ರೇಷ್ಮೆಯ ನವಿರಾದ ಎಳೆ ಕಾಣಲು ನೇಕಾರನಿಗೆ ಹಗಲಿನ ಬೆಳಕು ಬೇಕು. ದೀಪದೆಣ್ಣೆಯ ಖರ್ಚೂ ಉಳಿಯುತ್ತದೆ.

ನೇಕಾರರ ಈ ಕೇರಿ ವಿಜ್ಞಾನಕ್ಕೆ ಕೊಟ್ಟ ಕೊಡುಗೆ ಹೆಚ್ಚು ಜನರಿಗೆ ತಿಳಿಯದು. 1717ರಲ್ಲಿ ಇಲ್ಲೊಂದು ಗಣಿತ ಸಂಘ ಹುಟ್ಟಿತು. ನೇಕಾರರು, ಕುಶಲಕರ್ಮಿಗಳು ಸಂಜೆ ಕೂಡಿ ಲೆಕ್ಕ ಬಿಡಿಸುತ್ತಿದ್ದರು. ಸದಸ್ಯರ ಸಂಖ್ಯೆಗೆ ಮೊದಲು ಇಟ್ಟ ಮಿತಿ 64, ಅಂದರೆ ಎಂಟರ ವರ್ಗ! ಒಬ್ಬ ಸದಸ್ಯ ಇನ್ನೊಬ್ಬನನ್ನು ಗಣಿತದ ಪ್ರಶ್ನೆ ಕೇಳಿದರೆ, ಕೇಳಿಸಿಕೊಂಡವನು ತನಗೆ ಸಾಧ್ಯವಾದಷ್ಟು ಸುಲಭವಾಗಿ ಅದನ್ನು ತಿಳಿಸಿಕೊಡಲೇಬೇಕು ಎಂಬುದು ಸಂಘದ ನಿಯಮ. ನೂರಕ್ಕೂ ಹೆಚ್ಚು ವರ್ಷ ಬಾಳಿದ ಈ ಸಂಘ 1840ರ ದಶಕದ ನಡುವೆ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಯಲ್ಲಿ ಲೀನವಾಯಿತು.

ಈ ವಲಯದಲ್ಲಿ ಬೆಳೆದವನು ಥಾಮಸ್ ಸಿಂಪ್ಸನ್. ನೇಕಾರನ ಮಗನಾದ ಆತ 1730ರ ದಶಕದಲ್ಲಿ ಲಂಡನ್ನಿಗೆ ಬಂದು ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ಹಗಲು ಮಗ್ಗ ನಡೆಸುತ್ತ, ಬಿಡುವಿನಲ್ಲಿ ಗಣಿತ ಹೇಳಿಕೊಡುತ್ತಿದ್ದ. 1743ರಲ್ಲಿ ವುಲಿಚ್‌ನ ಸೈನಿಕ ಅಕಾಡೆಮಿಯಲ್ಲಿ ಪ್ರಾಧ್ಯಾಪಕನಾದ. ವಕ್ರರೇಖೆಯ ಕೆಳಗಿನ ವಿಸ್ತೀರ್ಣ ಕಂಡುಹಿಡಿಯಲು ಪದವಿ ತರಗತಿಯ ವಿದ್ಯಾರ್ಥಿಗಳು ಇಂದಿಗೂ ಬಳಸುವ ‘ಸಿಂಪ್ಸನ್ ನಿಯಮ’ಕ್ಕೆ ಅವನದೇ ಹೆಸರು. ಆ ನಿಯಮ ಅವನಿಗಿಂತ ಮುಂಚೆಯೇ ಕೆಲವರಿಗೆ ಗೊತ್ತಿತ್ತೆಂಬುದು ಬೇರೆ ಮಾತು.

ಇನ್ನೊಬ್ಬ ಜಾನ್ ಡಾಲಂಡ್, 1706ರಲ್ಲಿ ಸ್ಪಿಟಲ್‌ಫೀಲ್ಡ್ಸ್‌ನಲ್ಲೇ ಹುಟ್ಟಿದ ಹ್ಯೂಗನಾಟ್ ನೇಕಾರನ ಮಗ, ತಾನೂ ನೇಕಾರ. ಮಸೂರದ ಮೂಲಕ ಹಾಯುವ ಬೆಳಕಿನ ಬಣ್ಣಗಳು ಬೇರೆಬೇರೆ ಪ್ರಮಾಣದಲ್ಲಿ ಬಾಗುವುದರಿಂದ ಆ ಕಾಲದ ದೂರದರ್ಶಕಗಳಲ್ಲಿ ಕಾಣುವ ವಸ್ತುವಿನ ಅಂಚಿಗೆ ಬಣ್ಣದ ಗೆರೆ ಕಟ್ಟುತ್ತಿತ್ತು. ಇದನ್ನು ನಿವಾರಿಸಲಾಗದು ಎಂದು ನ್ಯೂಟನ್ನನೇ ಭಾವಿಸಿದ್ದ. ಕ್ರೌನ್ ಗಾಜಿನ ಉಬ್ಬು ಮಸೂರ ಮತ್ತು ಫ್ಲಿಂಟ್ ಗಾಜಿನ ತಗ್ಗು ಮಸೂರವನ್ನು ಜೋಡಿಸಿದರೆ ಒಂದರ ದೋಷವನ್ನು ಇನ್ನೊಂದು ಸರಿತೂಗಿಸುತ್ತದೆ ಎಂದು ಡಾಲಂಡ್ 1758ರಲ್ಲಿ ತೋರಿಸಿದ. ಚೆಸ್ಟರ್ ಮೂರ್ ಹಾಲ್ ಎಂಬಾತ ಅದಕ್ಕೆ ಮೊದಲೇ ಇಂಥ ಮಸೂರ ಮಾಡಿಸಿದ್ದರೂ ಪ್ರಕಟಿಸಿರಲಿಲ್ಲ. ಆ ವರ್ಷ ರಾಯಲ್ ಸೊಸೈಟಿಯ ಕಾಪ್ಲಿ ಪದಕ ನಿರಾಶ್ರಿತ ನೇಕಾರನ ಮಗನಿಗೆ ಸಂದಿತು.

ಚೀಟಿ ಬಟ್ಟೆಯ ಜಗಳ

ಈ ನೇಕಾರರಿಗೂ ನಮ್ಮ ದೇಶಕ್ಕೂ ಹಳೆಯದೊಂದು ಜಗಳವಿದೆ. ಭಾರತದಿಂದ ಈಸ್ಟ್ ಇಂಡಿಯಾ ಕಂಪನಿ ತರುತ್ತಿದ್ದ ಹೂವಿನಚ್ಚಿನ ಹತ್ತಿ ಬಟ್ಟೆಗೆ ಇಂಗ್ಲೆಂಡಿನ ಹೆಂಗಸರು ಮಾರುಹೋಗಿದ್ದರು. ನಮ್ಮ ಅಜ್ಜಿಯರು ಚೀಟಿ ಬಟ್ಟೆ ಎನ್ನುತ್ತಿದ್ದುದನ್ನು ಇಂಗ್ಲಿಷರು ‘ಚಿಂಟ್ಜ್’ ಎಂದರು. ಒಗೆದರೂ ಬಣ್ಣ ಬಿಡದ, ರೇಷ್ಮೆಗಿಂತ ಅಗ್ಗದ ಈ ಬಟ್ಟೆಯಿಂದ ತಮ್ಮ ಮಗ್ಗ ನಿಂತಿತೆಂದು 1719ರಲ್ಲಿ ಸ್ಪಿಟಲ್‌ಫೀಲ್ಡ್ಸ್ ನೇಕಾರರು ಬೀದಿಗಿಳಿದರು. ಚೀಟಿ ಬಟ್ಟೆ ಉಟ್ಟ ಹೆಂಗಸರ ಉಡುಪು ಹರಿದರು, ಅದರ ಮೇಲೆ ಶಾಯಿಯನ್ನೂ ಆಮ್ಲವನ್ನೂ ಎರಚಿದರು. 1721ರಲ್ಲಿ ಪಾರ್ಲಿಮೆಂಟು ಅಚ್ಚಿನ ಹತ್ತಿ ಬಟ್ಟೆ ಉಡುವುದನ್ನೇ ನಿಷೇಧಿಸಿತು.

1736ರಲ್ಲಿ ಸಿಟ್ಟು ಐರಿಷರ ಮೇಲೆ ತಿರುಗಿತು. ಹತ್ತಿರದ ಷೋರ್‌ಡಿಚ್‌ನಲ್ಲಿ ಇಗರ್ಜಿ ಕಟ್ಟಲು ಕಡಿಮೆ ಕೂಲಿಯ ಐರಿಷರನ್ನು ನೇಮಿಸಿಕೊಂಡರೆಂದು ದಂಗೆಯಾಯಿತು. ಕೂಲಿ ಇಳಿಸಿದವನು ಗುತ್ತಿಗೆದಾರ. ಏಟು ತಿಂದವರು ಕೂಲಿಗಳು.

ನೇಕಾರಿಕೆ ಬಹುಕಾಲ ನಿಲ್ಲಲಿಲ್ಲ. ನೇಕಾರರ ಕೂಲಿಯನ್ನು ನ್ಯಾಯಾಧಿಕಾರಿಗಳು ನಿಗದಿ ಮಾಡಬೇಕೆಂಬ 1773ರ ಕಾಯ್ದೆ 1824ರಲ್ಲಿ ರದ್ದಾಯಿತು. 1826ರಲ್ಲಿ ಫ್ರೆಂಚ್ ರೇಷ್ಮೆಯ ಆಮದಿಗೆ ಬಾಗಿಲು ತೆರೆಯಿತು. ಮಗ್ಗಗಳು ಒಂದೊಂದಾಗಿ ನಿಂತವು. ನೇಕಾರರ ಚೆಂದದ ಮನೆಗಳು ಕೋಣೆಗೊಂದು ಸಂಸಾರದ ವಠಾರಗಳಾದವು.

ಬಡಗಿಯ ಮಗನ ನೇರಳೆ ಬಣ್ಣ

ಸ್ಪಿಟಲ್‌ಫೀಲ್ಡ್ಸ್‌ನಿಂದ ದಕ್ಷಿಣಕ್ಕೆ, ಥೇಮ್ಸ್ ದಂಡೆಯಲ್ಲಿ ಷಾಡ್‌ವೆಲ್ ಇದೆ. ಅಲ್ಲಿ ಬಡಗಿ ಕೆಲಸದಿಂದ ಮೇಲೆ ಬಂದವನೊಬ್ಬನ ಮಗ ವಿಲಿಯಂ ಹೆನ್ರಿ ಪರ್ಕಿನ್. 1856ರ ಈಸ್ಟರ್ ರಜೆಯಲ್ಲಿ, 18ನೆಯ ವಯಸ್ಸಿನಲ್ಲಿ, ಆತ ಕೇಬಲ್ ಸ್ಟ್ರೀಟಿನ ತನ್ನ ಮನೆಯ ಪುಟ್ಟ ಪ್ರಯೋಗಶಾಲೆಯಲ್ಲಿ ಮಲೇರಿಯಾದ ಮದ್ದಾದ ಕ್ವಿನೈನನ್ನು ಕೃತಕವಾಗಿ ತಯಾರಿಸಲು ಹೊರಟಿದ್ದ. ಕಲ್ಲಿದ್ದಲ ಡಾಂಬರಿನಿಂದ ಬರುವ ಅನಿಲೀನ್ ಮೇಲೆ ಪೊಟ್ಯಾಸಿಯಂ ಡೈಕ್ರೋಮೇಟ್ ಪ್ರಯೋಗಿಸಿದಾಗ ಸಿಕ್ಕಿದ್ದು ಕಪ್ಪು ಕೆಸರು. ಅದನ್ನು ಚೆಲ್ಲದೆ ಆಲ್ಕೋಹಾಲಿನಲ್ಲಿ ಕರಗಿಸಿ ನೋಡಿದ. ಸೊಗಸಾದ ನೇರಳೆ ಬಣ್ಣ ಕಂಡಿತು. ಅದು ರೇಷ್ಮೆಗೆ ಚೆನ್ನಾಗಿ ಹಿಡಿಯಿತು. ‘ಮಾವ್’ ಎಂಬ ಈ ಬಣ್ಣವನ್ನು ಮೊದಲು ಬಳಸಿದವರಲ್ಲಿ ಬೆತ್ನಲ್ ಗ್ರೀನಿನ ರೇಷ್ಮೆ ಬಣ್ಣಗಾರನೊಬ್ಬನಿದ್ದ. ಕೃತಕ ಬಣ್ಣಗಳ ಉದ್ಯಮ ಇಲ್ಲಿಂದ ಬೆಳೆಯಿತು. ಮುಂದೆ 1897ರಲ್ಲಿ ಜರ್ಮನಿಯ ಕೃತಕ ನೀಲಿ ಮಾರುಕಟ್ಟೆಗೆ ಬಂದು ಭಾರತದ ನೀಲಿ ಬೆಳೆಯನ್ನು ಮಲಗಿಸಿದ್ದೂ ಇದರ ಮುಂದುವರಿಕೆಯೇ.

ಹಾವುಮೀನು ಹೇಳಿದ ಸಾಕ್ಷಿ

1845ರ ನಂತರ ಆಲೂಗಡ್ಡೆ ಬೆಳೆ ನಾಶವಾಗಿ ಐರ್ಲೆಂಡಿನಲ್ಲಿ ಭೀಕರ ಕ್ಷಾಮ ಬಿತ್ತು. ಅಲ್ಲಿಂದ ಬಂದವರು ಹಡಗುಕಟ್ಟೆಗಳಲ್ಲಿ ಹಮಾಲಿ ಕೆಲಸಕ್ಕೆ ಸೇರಿದರು. ಆಗಲೇ ಕೇರಿ ತುಂಬಿ ತುಳುಕುತ್ತಿತ್ತು. 1828ರಲ್ಲಿ ತೆರೆದ ಸೇಂಟ್ ಕ್ಯಾಥರಿನ್ ಹಡಗುಕಟ್ಟೆಯೊಂದಕ್ಕೇ 11,000ಕ್ಕೂ ಹೆಚ್ಚು ಜನ ಮನೆ ಕಳೆದುಕೊಂಡು ಅಕ್ಕಪಕ್ಕದ ಓಣಿಗಳಲ್ಲಿ ಒತ್ತರಿಸಿಕೊಂಡಿದ್ದರು.

1866ರಲ್ಲಿ ಇಲ್ಲಿಗೆ ಕಾಲರಾ ಬಂತು. ಪೂರ್ವ ಲಂಡನ್ನಿನಲ್ಲಿ ಸಾವಿರಾರು ಮಂದಿ ಸತ್ತರು. ರೋಗಕ್ಕೆ ಬಡವರ ಕೊಳಕು ಬದುಕೇ ಕಾರಣ ಎನ್ನುವವರಿಗೆ ಆಗಲೂ ಕೊರತೆಯಿರಲಿಲ್ಲ. ಅಂಕಿಅಂಶ ತಜ್ಞ ವಿಲಿಯಂ ಫಾರ್ ಸಾವುಗಳನ್ನು ಬಡಾವಣೆವಾರು ಎಣಿಸಿದಾಗ ಹೆಚ್ಚಿನವು ಒಂದೇ ನೀರಿನ ಕಂಪನಿಯ ನಲ್ಲಿಗಳಿದ್ದ ಕಡೆ ಕಂಡವು. ಶೋಧಿಸದ ನೀರನ್ನು ತಾನು ಒಂದು ಹನಿಯೂ ಬಿಟ್ಟಿಲ್ಲ ಎಂದು ಕಂಪನಿ ಸಾಧಿಸಿತು. ಆದರೆ ತಮ್ಮ ಕೊಳವೆಯಲ್ಲಿ ಹಾವುಮೀನು ಬಂದಿತ್ತೆಂದು ಇಬ್ಬರು ಗ್ರಾಹಕರು ಹೇಳಿದರು. ಮರಳಿನ ಶೋಧಕದ ಮೂಲಕ ಹಾವುಮೀನು ನುಸುಳಲಾರದು! ಕೊಳಚೆ ಸೇರಿದ ಲೀ ನದಿಯ ಪಕ್ಕದ ತೆರೆದ ಕೊಳಗಳಿಂದ ನೀರು ಬಿಟ್ಟದ್ದು ಬಯಲಾಯಿತು. ಲಂಡನ್ನಿನ ಉಳಿದೆಡೆ ಹೊಸ ಒಳಚರಂಡಿ ಸಿದ್ಧವಾಗಿತ್ತು. ಪೂರ್ವದ ಈ ಭಾಗದಲ್ಲಿ ಮಾತ್ರ ಕೆಲಸ ಮುಗಿದಿರಲಿಲ್ಲ.

ಬೋ ಕೇರಿಯ ಬ್ರಯಂಟ್ ಅಂಡ್ ಮೇ ಬೆಂಕಿಪೊಟ್ಟಣದ ಕಾರ್ಖಾನೆಯ ಕಥೆಯೂ ಇಂಥದೇ. ಅಲ್ಲಿ ಬಳಸುತ್ತಿದ್ದ ಬಿಳಿ ರಂಜಕದ ಹೊಗೆ ಕೆಲಸಗಾರರ ದವಡೆಯ ಮೂಳೆಯನ್ನು ಕೊಳೆಸುತ್ತಿತ್ತು. ಹೆಣ್ಣುಮಕ್ಕಳ ಅಲ್ಪ ಸಂಬಳದಲ್ಲೂ ದಂಡ ಮುರಿದುಕೊಳ್ಳುತ್ತಿದ್ದರು. 1888ರಲ್ಲಿ ಈ ಸ್ಥಿತಿಯನ್ನು ಪತ್ರಿಕೆಯಲ್ಲಿ ಬರೆದು ಬಯಲಿಗೆಳೆದವರು ಆನಿ ಬೆಸೆಂಟ್. ಮುಂದೆ ಭಾರತಕ್ಕೆ ಬಂದು ಹೋಂ ರೂಲ್ ಚಳವಳಿ ನಡೆಸಿದ, ಮಂಗಳೂರಿನ ಬೆಸೆಂಟ್ ವಿದ್ಯಾಸಂಸ್ಥೆಗಳು ಹೆಸರು ಹೊತ್ತಿರುವ ಅದೇ ಬೆಸೆಂಟ್. ಸುಮಾರು 1,400 ಹೆಂಗಸರು, ಹುಡುಗಿಯರು ಕೆಲಸ ನಿಲ್ಲಿಸಿ ಹೊರಬಂದರು. ಇವರಲ್ಲಿ ಐರಿಷ್ ಮೂಲದವರು ಬಹಳ. ದಂಡ ರದ್ದಾಯಿತು. ಬಿಳಿ ರಂಜಕದ ಕಡ್ಡಿಯನ್ನು ನಿಷೇಧಿಸುವ ಕಾಯ್ದೆಗೆ ಮಾತ್ರ 1908ರವರೆಗೆ ಕಾಯಬೇಕಾಯಿತು.

ಆ ಕಾಲದಲ್ಲೇ ಚಾರ್ಲ್ಸ್ ಬೂತ್ ಎಂಬ ಹಡಗು ಉದ್ಯಮಿ ಬಡತನವನ್ನು ಅಳೆಯಲು ಹೊರಟ. ಮಕ್ಕಳ ಹಾಜರಿ ವಿಚಾರಿಸಲು ಮನೆಮನೆಗೆ ಹೋಗುತ್ತಿದ್ದ ಶಾಲಾ ಮಂಡಳಿಯ ಸಿಬ್ಬಂದಿಯಿಂದ ವಿವರ ಸಂಗ್ರಹಿಸಿ, ಬೀದಿಗೊಂದು ಬಣ್ಣ ಹಚ್ಚಿದ ನಕ್ಷೆ ತಯಾರಿಸಿದ. ಕಡುಬಡವರ ಬೀದಿಗೆ ಕಪ್ಪು, ಸಿರಿವಂತರ ಬೀದಿಗೆ ಹಳದಿ. 1889ರಲ್ಲಿ ಪ್ರಕಟವಾದ ಮೊದಲ ಸಂಪುಟದ ಪ್ರಕಾರ ಪೂರ್ವ ಲಂಡನ್ನಿನಲ್ಲಿ ನೂರಕ್ಕೆ 35 ಮಂದಿ ಬಡತನದಲ್ಲಿದ್ದರು. ಕಾರಣಗಳ ಲೆಕ್ಕ ಇನ್ನೂ ಮುಖ್ಯ. ಕುಡಿತ, ಸೋಮಾರಿತನದಂಥ ಅಭ್ಯಾಸಗಳಿಂದ ಬಡವರಾದವರು ಏಳರಲ್ಲಿ ಒಂದು ಪಾಲು ಮಾತ್ರ. ಅರ್ಧಕ್ಕಿಂತ ಹೆಚ್ಚು ಮಂದಿಯ ಬಡತನಕ್ಕೆ ಕಡಿಮೆ ಕೂಲಿ ಮತ್ತು ನಿಶ್ಚಿತವಲ್ಲದ ಕೆಲಸವೇ ಕಾರಣವಾಗಿತ್ತು.

ಹೊಲಿಗೆ ಯಂತ್ರದ ಸದ್ದು

1881ರಲ್ಲಿ ರಷ್ಯದ ಚಕ್ರವರ್ತಿಯ ಕೊಲೆಯಾದ ನಂತರ ಅಲ್ಲಿನ ಯಹೂದಿಗಳ ಮೇಲೆ ದಾಳಿಗಳು ನಡೆದವು. 1914ರೊಳಗೆ ಲಕ್ಷಕ್ಕೂ ಹೆಚ್ಚು ಯಹೂದಿಗಳು ಬ್ರಿಟನ್ನಿಗೆ ಬಂದರು. ಬಹುಪಾಲು ಮಂದಿ ಮೊದಲು ಇಳಿದದ್ದು ಹಡಗುಕಟ್ಟೆಗೆ ಹತ್ತಿರವಾದ ಈ ಕೇರಿಯಲ್ಲೇ. ಮಗ್ಗಗಳಿದ್ದ ಅಟ್ಟಗಳಲ್ಲಿ ಈಗ ಹೊಲಿಗೆ ಯಂತ್ರಗಳು ಕುಳಿತವು. ಹಂಗಾಮಿನಲ್ಲಿ ದಿನಕ್ಕೆ ಹದಿನಾಲ್ಕು ಗಂಟೆ ದುಡಿತ, ಹಂಗಾಮು ಮುಗಿದರೆ ಖಾಲಿ ಕೈ. ಇವರನ್ನು ತಡೆಯಬೇಕೆಂದು 1901ರಲ್ಲಿ ‘ಬ್ರಿಟಿಷ್ ಬ್ರದರ್ಸ್ ಲೀಗ್’ ಕಟ್ಟಿದರು. 1905ರಲ್ಲಿ ಪರದೇಶಿಗಳ ಆಗಮನಕ್ಕೆ ಕಡಿವಾಣ ಹಾಕುವ ಕಾಯ್ದೆ ಬಂತು.

ಆ ಮನೆಗಳ ತಂದೆತಾಯಿ ಮಕ್ಕಳ ಶಾಲೆ ಮಾತ್ರ ಬಿಡಿಸಲಿಲ್ಲ. ಬೆಲ್ ಲೇನ್‌ನಲ್ಲಿದ್ದ ಯಹೂದಿಗಳ ಉಚಿತ ಶಾಲೆಯಲ್ಲಿ 1900ರ ಹೊತ್ತಿಗೆ 4,000ಕ್ಕೂ ಹೆಚ್ಚು ಮಕ್ಕಳಿದ್ದರು. ಅಷ್ಟು ದೊಡ್ಡ ಶಾಲೆ ಆಗ ಜಗತ್ತಿನಲ್ಲೇ ವಿರಳ. 1892ರಲ್ಲಿ ತೆರೆದ ವೈಟ್‌ಚಾಪೆಲ್ ಗ್ರಂಥಾಲಯವನ್ನು ಜನ ‘ಕೇರಿಯ ವಿಶ್ವವಿದ್ಯಾಲಯ’ವೆಂದೇ ಕರೆದರು. ಓದಲು ಮನೆಯಲ್ಲಿ ಮೇಜಿಲ್ಲದ, ಬೆಚ್ಚನೆಯ ಮೂಲೆಯಿಲ್ಲದ ಹುಡುಗರಿಗೆ ಅದೇ ಆಶ್ರಯ. 1920ರಲ್ಲಿ ಇಂಗ್ಲಿಷ್ ಬಾರದೆ ಬಂದ ಪೋಲೆಂಡ್ ಮೂಲದ ಹನ್ನೆರಡರ ಹುಡುಗ ಜೇಕಬ್ ಬ್ರೊನೊವ್‌ಸ್ಕಿ ಇಂಗ್ಲಿಷ್ ಓದಲು ಕಲಿತದ್ದು ಇಲ್ಲಿನ ಪುಸ್ತಕಗಳಿಂದ. ಆತ ಕೇಂಬ್ರಿಜ್‌ನಲ್ಲಿ ಗಣಿತ ಓದಿದ. 1973ರಲ್ಲಿ ಬಿಬಿಸಿಯ ‘ದಿ ಅಸೆಂಟ್ ಆಫ್ ಮ್ಯಾನ್’ ಸರಣಿಯ ಮೂಲಕ ವಿಜ್ಞಾನದ ಕಥೆಯನ್ನು ಮನೆಮನೆಗೆ ಮುಟ್ಟಿಸಿದ.

ಹಸಿದ ಮಕ್ಕಳಿಗೆ ಅನ್ನವಿಟ್ಟವರು

ಹಡಗುಕಟ್ಟೆಯ ಕೂಲಿಗಳದು ಇನ್ನೊಂದು ಪಾಡು. ದಿನವೂ ಬೆಳಿಗ್ಗೆ ಬಾಗಿಲಲ್ಲಿ ನಿಂತು, ನೂಕುನುಗ್ಗಲಿನಲ್ಲಿ ಕೆಲಸದ ಚೀಟಿಗಾಗಿ ಕಾದಾಡಬೇಕು. ಗಂಟೆಗೆ ಆರು ಪೆನ್ಸ್ ಕೂಲಿಗಾಗಿ 1889ರಲ್ಲಿ ಅವರು ಐದು ವಾರ ಮುಷ್ಕರ ಹೂಡಿ ಗೆದ್ದರು. 1912ರಲ್ಲಿ ಮತ್ತೆ ಮುಷ್ಕರ ನಡೆದು ಮಕ್ಕಳು ಉಪವಾಸ ಬಿದ್ದಾಗ, ತಾವೇ ಅರೆಹೊಟ್ಟೆಯಲ್ಲಿದ್ದ ಯಹೂದಿ ದರ್ಜಿಗಳ ಕುಟುಂಬಗಳು ಕೂಲಿಗಳ 300ಕ್ಕೂ ಹೆಚ್ಚು ಮಕ್ಕಳನ್ನು ಮನೆಗೆ ಕರೆದೊಯ್ದು ಸಾಕಿದವು.

ಆ ಉಪಕಾರ ಮರೆತುಹೋಗಲಿಲ್ಲ. 1936ರ ಅಕ್ಟೋಬರ್ 4ರಂದು ಆಸ್ವಾಲ್ಡ್ ಮೋಸ್ಲಿಯ ಫ್ಯಾಸಿಸ್ಟ್ ಪಡೆ ಯಹೂದಿಗಳ ಕೇರಿಯ ನಡುವೆ ಮೆರವಣಿಗೆ ಹೊರಟಾಗ, ಯಹೂದಿಗಳ ಜೊತೆಗೆ ಹಡಗುಕಟ್ಟೆಯ ಐರಿಷ್ ಕೂಲಿಗಳೂ ಬೀದಿಗೆ ಅಡ್ಡಗಟ್ಟೆ ಹಾಕಿ ನಿಂತರು. ಮೆರವಣಿಗೆ ಹಿಂತಿರುಗಬೇಕಾಯಿತು. ಈ ಘಟನೆ ಹೆಸರಾದದ್ದು ‘ಕೇಬಲ್ ಸ್ಟ್ರೀಟಿನ ಕದನ’ವೆಂದು. ಪರ್ಕಿನ್ ಬಣ್ಣ ಕಂಡ ಬೀದಿ ಅದೇ.

ಇದಕ್ಕೆ ಐದು ವರ್ಷ ಮುಂಚೆ, 1931ರಲ್ಲಿ, ದುಂಡುಮೇಜಿನ ಪರಿಷತ್ತಿಗೆ ಬಂದ ಗಾಂಧೀಜಿ ದೊಡ್ಡ ಹೋಟೆಲು ಬಿಟ್ಟು ಬೋ ಕೇರಿಯ ಕಿಂಗ್ಸ್‌ಲಿ ಹಾಲ್‌ನಲ್ಲಿ, ಮ್ಯೂರಿಯಲ್ ಲೆಸ್ಟರ್ ಅವರ ಅತಿಥಿಯಾಗಿ ಉಳಿದರು. ಬಡವರ ನಡುವೆಯೇ ಇರಬೇಕೆಂಬುದು ಅವರ ಇಚ್ಛೆಯಾಗಿತ್ತು.

ಸಿಲ್ಹೆಟ್ಟಿನಿಂದ ಬಂದವರು

ಬ್ರಿಟಿಷ್ ಹಡಗುಗಳ ಒಲೆಗೆ ಕಲ್ಲಿದ್ದಲು ತುಂಬುವ ಬೆವರಿನ ಕೆಲಸಕ್ಕೆ ಬಂಗಾಳದ ಸಿಲ್ಹೆಟ್ ಕಡೆಯ ಲಸ್ಕರರು ಸೇರುತ್ತಿದ್ದರು. ಕೆಲವರು ಲಂಡನ್ನಿನಲ್ಲಿ ಹಡಗಿಳಿದು ಅಲ್ಲೇ ನಿಂತರು. ಎರಡನೆಯ ಮಹಾಯುದ್ಧದ ನಂತರ ಅವರ ಬಂಧುಬಳಗ ಬಂತು. ಯಹೂದಿಗಳು ಸ್ಥಿತಿವಂತರಾಗಿ ಊರಿನ ಬೇರೆ ಭಾಗಗಳಿಗೆ ಹೋಗಿದ್ದರು. ಅದೇ ಅಟ್ಟಗಳಲ್ಲಿ ಈಗ ಬಂಗಾಳಿಗಳು ಚರ್ಮದ ಜಾಕೆಟ್ ಹೊಲಿದರು. ಹಳೆಯ ದೂರು ಮತ್ತೆ ಕೇಳಿಬಂತು, ಬೀದಿಯಲ್ಲಿ ಹಲ್ಲೆಗಳೂ ನಡೆದವು. 1978ರ ಮೇ 4ರ ಸಂಜೆ ಕೆಲಸ ಮುಗಿಸಿ ಮನೆಗೆ ಹೊರಟಿದ್ದ ಆಲ್ತಾಬ್ ಅಲಿ ಎಂಬ ಬಟ್ಟೆ ಕಾರ್ಖಾನೆಯ ಯುವಕನನ್ನು ಕೊಂದರು. ಹತ್ತು ದಿನಗಳ ನಂತರ ಸುಮಾರು 7,000 ಜನ ಅವನ ಶವಪೆಟ್ಟಿಗೆಯ ಹಿಂದೆ ಪ್ರಧಾನಿಯ ನಿವಾಸದವರೆಗೆ ನಡೆದರು. ಆತ ಸತ್ತ ಜಾಗದ ಬಳಿಯ ಉದ್ಯಾನಕ್ಕೆ 1998ರಲ್ಲಿ ಅವನ ಹೆಸರಿಟ್ಟರು.

ಹಡಗುಕಟ್ಟೆಗಳು 1960ರ ದಶಕದ ಕೊನೆಯಿಂದ ಒಂದೊಂದಾಗಿ ಮುಚ್ಚಿದವು. ಅವುಗಳ ಜಾಗದಲ್ಲಿ ಈಗ ಕೆನರಿ ವಾರ್ಫ್‌ನ ಬ್ಯಾಂಕುಗಳ ಗಗನಚುಂಬಿಗಳಿವೆ. ನೇಕಾರರ ಮನೆಗಳ ಬೆಲೆ ಈಗ ಲಕ್ಷಗಟ್ಟಲೆ ಪೌಂಡು. ಬಾಡಿಗೆ ಏರಿ, ಬಡವರು ಅಲ್ಲಿರುವುದೇ ಕಷ್ಟವಾಗಿದೆ. 2021ರ ಜನಗಣತಿಯಂತೆ ಟವರ್ ಹ್ಯಾಮ್ಲೆಟ್ಸ್‌ನಲ್ಲಿ ನೂರಕ್ಕೆ 34.6ರಷ್ಟು ಬಾಂಗ್ಲಾ ಮೂಲದವರು.

ಕೊನೆಯ ಬೆಂಚಿನಿಂದ

ಈ ಕೇರಿಯ ಇತ್ತೀಚಿನ ಕಥೆ ಪೋಷಕರು ಗಮನಿಸಬೇಕಾದದ್ದು. 1997ರಲ್ಲಿ ಇಂಗ್ಲೆಂಡಿನ 149 ಸ್ಥಳೀಯ ಶಿಕ್ಷಣ ಆಡಳಿತಗಳಲ್ಲಿ ಟವರ್ ಹ್ಯಾಮ್ಲೆಟ್ಸ್‌ನದು 149ನೆಯ ಸ್ಥಾನ. ಬಡತನ, ಮನೆಯಲ್ಲಿ ಇಂಗ್ಲಿಷ್ ಆಡದ ಮಕ್ಕಳು, ಹಾಗಾಗಿ ಇಷ್ಟೇ ಸಾಧ್ಯ ಎಂಬ ಮಾತು ಆಗ ಸಹಜವಾಗಿತ್ತು. ಆ ಮಾತನ್ನು ಒಪ್ಪದ ಆಡಳಿತಗಾರರು ಎಲ್ಲ ಶಾಲೆಗಳಿಗೂ ಎತ್ತರದ ಗುರಿ ಇಟ್ಟರು. ಒಳ್ಳೆಯ ಶಿಕ್ಷಕರನ್ನು ತಂದು ಉಳಿಸಿಕೊಂಡರು, ಹಾಜರಾತಿಗೆ ಒತ್ತುಕೊಟ್ಟರು, ಮಸೀದಿಗಳ ಮತ್ತು ತಂದೆತಾಯಿಯರ ನೆರವು ಪಡೆದರು. ಹದಿನೈದು ವರ್ಷಗಳಲ್ಲಿ ಅಲ್ಲಿನ ಮಕ್ಕಳ ಪರೀಕ್ಷಾ ಫಲಿತಾಂಶ ದೇಶದ ಸರಾಸರಿಯನ್ನು ದಾಟಿತು. ಮನೆಗಳ ಬಡತನ ಅಷ್ಟರಲ್ಲಿ ಹೋಗಿರಲಿಲ್ಲ. ಇಂದಿಗೂ ಬ್ರಿಟನ್ನಿನಲ್ಲಿ ಬಡ ಮಕ್ಕಳ ಪ್ರಮಾಣ ಹೆಚ್ಚಿರುವ ಪ್ರದೇಶಗಳಲ್ಲಿ ಇದೂ ಒಂದು. ಮಕ್ಕಳೂ ಅದೇ ಮನೆಗಳ ಮಕ್ಕಳೇ, ಬದಲಾದದ್ದು ಶಾಲೆ.

ಮಗ್ಗದಿಂದ ಎದ್ದುಬಂದ ಸಿಂಪ್ಸನ್, ಡಾಲಂಡರಿಗೂ ಗ್ರಂಥಾಲಯದ ಮೇಜಿನ ಮುಂದೆ ಕುಳಿತ ಬ್ರೊನೊವ್‌ಸ್ಕಿಗೂ ಈ ಕೇರಿಯಲ್ಲಿ ಸಿಕ್ಕದ್ದು ಸಿರಿಯಲ್ಲ. ಕಲಿಯಲು ಒಂದು ಜಾಗ, ಕೇಳಿದರೆ ಹೇಳಿಕೊಡುವ ಜನ, ಇಷ್ಟೇ. ಗೊತ್ತಿದ್ದವನು ಕೇಳಿದವನಿಗೆ ಸುಲಭವಾಗಿ ತಿಳಿಸಿಕೊಡಬೇಕು ಎಂದು ನೇಕಾರರ ಗಣಿತ ಸಂಘ ಬರೆದಿಟ್ಟುಕೊಂಡ ನಿಯಮಕ್ಕೆ ಮುನ್ನೂರು ವರ್ಷ ಕಳೆದಿದೆ. ಅದನ್ನು ಪಾಲಿಸಲು ಹೆಚ್ಚಿನ ಖರ್ಚೇನೂ ಬೇಕಿಲ್ಲ.